ಚಾಲಿ ಬಂದರೆ ರಾಶಿ ಇಲ್ಲ; ಹಾಗಾದರೆ ಅವು ಸ್ವತಂತ್ರವೇ?

ಪ್ರಶ್ನೆ: ಎರಡು ಘಟನೆಗಳು ಪರಸ್ಪರ ವರ್ಜಕವಾಗಿದ್ದರೆ, ಅಂದರೆ ಒಂದು ನಡೆದರೆ ಇನ್ನೊಂದು ನಡೆಯಲಾರದು ಎಂದಿದ್ದರೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಎಂದಾಯಿತಲ್ಲ? ಅಂದಮೇಲೆ ಅವು ಸ್ವತಂತ್ರ ಘಟನೆಗಳೂ ಹೌದಲ್ಲವೇ? (ಪಿಯು ವಿದ್ಯಾರ್ಥಿನಿ, ಶಿರಸಿ)

ಅಲ್ಲ. ಸಂಭವನೀಯತೆಯ ಪಾಠ ಮಾಡಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಬರಲೇಬೇಕು. ಎರಡೂ ವ್ಯಾಖ್ಯೆಗಳು ಪುಸ್ತಕದಲ್ಲಿ ಅಕ್ಕಪಕ್ಕದಲ್ಲೇ ಕೂತಿರುತ್ತವೆ.

ನಿಮ್ಮೂರಿನ ಅಡಿಕೆಯನ್ನೇ ತೆಗೆದುಕೊಳ್ಳಿ. ಎಳೆಯ ಹಸಿರಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದರೆ ರಾಶಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಒಂದೇ ಅಡಿಕೆ ಎರಡೂ ಆಗಲಾರದು. ಬುಟ್ಟಿಯಲ್ಲಿ 6 ರಾಶಿ, 4 ಚಾಲಿ ಇವೆ ಎನ್ನಿ. ಕಣ್ಣುಮುಚ್ಚಿ ಒಂದನ್ನು ಎತ್ತಿದರೆ ಅದು ಚಾಲಿಯಾಗುವ ಸಂಭವನೀಯತೆ 0.4. ಈಗ ಪಕ್ಕದವರು ನೋಡಿ "ರಾಶಿ ಬಂತು" ಎಂದರು. ಚಾಲಿಯ ಸಂಭವನೀಯತೆ ಆಗಲೇ ಸೊನ್ನೆಗೆ ಇಳಿಯಿತು. ಒಂದು ಸುದ್ದಿಯಿಂದ ಇನ್ನೊಂದರ ಲೆಕ್ಕ ಇಷ್ಟು ಪೂರ್ತಿ ಬದಲಾಗುವುದಾದರೆ ಅವನ್ನು ಸ್ವತಂತ್ರ ಎನ್ನುವುದು ಹೇಗೆ? ಎಣ್ಣೆ-ಸೀಗೆಕಾಯಿ ಸಂಬಂಧ ಎನ್ನುತ್ತೇವಲ್ಲ, ಅದೂ ಸಂಬಂಧವೇ, ಬಲು ಗಟ್ಟಿಯಾದದ್ದು.

ಸ್ವತಂತ್ರ ಎಂದರೆ, ಒಂದು ನಡೆದದ್ದು ಗೊತ್ತಾದರೂ ಇನ್ನೊಂದರ ಸಂಭವನೀಯತೆ ಕದಲಬಾರದು. ಎತ್ತಿದ ಅಡಿಕೆಯನ್ನು ಬುಟ್ಟಿಗೆ ಮರಳಿ ಹಾಕಿ, ಕಲಸಿ, ಮತ್ತೊಮ್ಮೆ ಎತ್ತಿ. ಎರಡೂ ಸಲ ಚಾಲಿ ಬರುವುದು 0.4 × 0.4 = 0.16. ಮರಳಿ ಹಾಕದೇ ಹೋದರೆ ಉಳಿದ 9ರಲ್ಲಿ ಚಾಲಿ 3 ಮಾತ್ರ. ಉತ್ತರ 4/10 × 3/9, ಅಂದರೆ 2/15. ಅಲ್ಲಿ ಸ್ವಾತಂತ್ರ್ಯ ಹೋಯಿತು.

ಪರಸ್ಪರ ವರ್ಜಕವಾದರೆ ಎರಡೂ ಒಟ್ಟಿಗೆ ನಡೆಯುವ ಸಂಭವನೀಯತೆ 0. ಸ್ವತಂತ್ರವಾದರೆ ಅದು ಎರಡರ ಗುಣಲಬ್ಧ. ಗುಣಲಬ್ಧ ಸೊನ್ನೆಯಾಗಬೇಕಾದರೆ ಎರಡರಲ್ಲಿ ಒಂದಾದರೂ ಸೊನ್ನೆ ಸಂಭವನೀಯತೆಯ ಘಟನೆ ಆಗಿರಬೇಕು. ಅದೊಂದನ್ನು ಬಿಟ್ಟರೆ ಈ ಎರಡು ಗುಣ ಒಟ್ಟಿಗೆ ಇರಲಾರವು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಏಕೆಂದರೆ ಹೆಚ್ಚು ಮಂದಿ ಎಡವುವುದು ಅಲ್ಲೇ. ಜುಲೈಯ ಒಂದು ದಿನ ಕಾರವಾರದಲ್ಲಿ ಮಳೆಯ ಸಂಭವನೀಯತೆ 0.8, ಶಿರಸಿಯಲ್ಲೂ 0.8 ಎಂದು ಇಟ್ಟುಕೊಳ್ಳಿ. ಎರಡೂ ಕಡೆ ಮಳೆ? ಕೈ ತಾನಾಗಿ 0.64 ಎಂದು ಬರೆಯುತ್ತದೆ. ಆದರೆ ಅರಬ್ಬಿ ಸಮುದ್ರದಿಂದ ಬಂದು ಕರಾವಳಿಯನ್ನು ತೋಯಿಸುವ ಮುಂಗಾರು ಗಾಳಿಯೇ ಘಟ್ಟ ಹತ್ತಿ ಶಿರಸಿಗೂ ಸುರಿಸುತ್ತದೆ. ಕಾರವಾರ ನೆನೆದಿದೆ ಎಂದು ತಿಳಿದರೆ ಶಿರಸಿಯೂ ನೆನೆದಿರುವ ಭರವಸೆ ಹೆಚ್ಚುತ್ತದೆ. ಹಾಗಾಗಿ ನಿಜವಾದ ಉತ್ತರ 0.64ಕ್ಕಿಂತ ಮೇಲೆ, 0.8ರ ಒಳಗೆ ಎಲ್ಲೋ ಇರುತ್ತದೆ. ಇವು ವರ್ಜಕವೂ ಅಲ್ಲ, ಸ್ವತಂತ್ರವೂ ಅಲ್ಲ. ಸರಿಯಾದ ಸಂಖ್ಯೆ ಬೇಕಿದ್ದರೆ ಗುಣಾಕಾರ ಬಿಟ್ಟು, ಎರಡೂ ಊರಿನ ಮಳೆ ದಾಖಲೆಯನ್ನು ಪಕ್ಕಪಕ್ಕ ಇಟ್ಟು, ಎರಡೂ ಕಡೆ ಮಳೆಯಾದ ದಿನಗಳನ್ನು ಎಣಿಸಬೇಕು.