26 ಇಂಚಿನ ಚಕ್ರ ಎಲ್ಲಿಗೆ ಹೋಯಿತು?

ನನ್ನ ಹತ್ತಿರ 2010ರಲ್ಲಿ ಕೊಂಡ ಒಂದು ಎಂಟಿಬಿ, ಅಂದರೆ ಗುಡ್ಡಗಾಡಿನಲ್ಲಿ ಓಡಿಸುವ ಮೌಂಟನ್ ಬೈಕ್ ಸೈಕಲ್ಲು ಇದೆ. ಫ್ರೇಮು ಗಟ್ಟಿಯಾಗಿದೆ, ಗೇರು ಸರಾಗವಾಗಿ ಬೀಳುತ್ತದೆ. ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಎಷ್ಟೋ ಭಾನುವಾರ ಓಡಿದೆ. ಹೋದ ವರ್ಷ ಮುಂದಿನ ಚಕ್ರ ಹಿಡಿದು ಕುಲುಕು ತಡೆಯುವ ಫೋರ್ಕಿನಿಂದ ಎಣ್ಣೆ ಸೋರತೊಡಗಿತು. ಬೆಂಗಳೂರಿನಲ್ಲಿ ನಾಲ್ಕು ಅಂಗಡಿ ಸುತ್ತಿದೆ. ನಾಲ್ಕೂ ಕಡೆ ಒಂದೇ ಮಾತು: "ಇದು 26 ಅಲ್ವಾ ಸರ್? ಇದಕ್ಕೆ ಒಳ್ಳೆ ಫೋರ್ಕ್ ಈಗ ಬರಲ್ಲ. ಹೊಸ ಸೈಕಲ್ಲೇ ತಗೊಂಡ್ಬಿಡಿ."

ಮೂವತ್ತು ವರ್ಷ ಎಂಟಿಬಿ ಅಂದರೆ 26 ಇಂಚು ಎಂದೇ ಲೆಕ್ಕ. ಆಮೇಲೆ ನಾಲ್ಕೈದು ವರ್ಷದಲ್ಲಿ ಅದು ಅಂಗಡಿಯ ಒಳ್ಳೆಯ ಸಾಲಿನಿಂದ ಮಾಯವಾಯಿತು. ರೇಸಿನವರು ಬದಲಾಯಿಸಿದರು ಅನ್ನುವವರಿದ್ದಾರೆ. ಮಾರಾಟಕ್ಕಾಗಿ ಮಾಡಿದ್ದು ಅನ್ನುವವರೂ ಇದ್ದಾರೆ. ಎರಡರಲ್ಲೂ ನಿಜ ಇದೆ, ಆದರೆ ಬೇರೆ ಬೇರೆ ಹೊತ್ತಿನಲ್ಲಿ.

ಮೊದಲು ಅಂಕಿಗಳ ಗೊಂದಲ ಬಿಡಿಸಿಕೊಳ್ಳೋಣ. 26, 27.5, 29 ಇವೆಲ್ಲ ಟಯರು ಸೇರಿಸಿದ ಸುಮಾರು ಅಳತೆಗಳು. ನಿಜವಾದ ಅಳತೆ ಟಯರು ರಿಮ್ಮಿನಲ್ಲಿ ಕೂರುವ ಜಾಗದ್ದು. 26ಕ್ಕೆ ಅದು 559 ಮಿ.ಮೀ., 27.5ಕ್ಕೆ 584, 29ಕ್ಕೆ 622. ಹೆಸರು ಕೇಳಿದರೆ 27.5 ಸರಿಯಾಗಿ ನಡುವೆ ಇದೆ ಅನ್ನಿಸುತ್ತದೆ. ಆದರೆ ಅದು 26ಕ್ಕಿಂತ 25 ಮಿ.ಮೀ. ದೊಡ್ಡದು, 29ಕ್ಕಿಂತ 38 ಮಿ.ಮೀ. ಚಿಕ್ಕದು. ಟಯರು ಹಾಕಿ ಅಳೆದರೆ 27ರ ಹತ್ತಿರ ನಿಲ್ಲುತ್ತದೆ. ನಮ್ಮೂರಿನ ಅಂಗಡಿಗಳಲ್ಲಿ ಇನ್ನೊಂದು ಗೋಜಲು. ಲೇಡೀಸ್ ಸೈಕಲ್ಲಿಗೂ 26 ಅನ್ನುತ್ತಾರೆ, ಎಂಟಿಬಿಗೂ 26 ಅನ್ನುತ್ತಾರೆ. ಲೇಡೀಸ್ ಸೈಕಲ್ಲಿನ 26 x 1⅜ ಟಯರಿನದು 590 ಮಿ.ಮೀ. ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಪಕ್ಕದಲ್ಲಿ ಸಣ್ಣಗೆ 54-559 ಅಂತ ಬರೆದಿರುತ್ತದೆ. ನೋಡಬೇಕಾದದ್ದು ಆ ಕೊನೆಯ ಮೂರು ಅಂಕಿ.

26 ಯಾಕೆ ಬಂತು? ಯಾರೂ ಕೂತು ಲೆಕ್ಕ ಹಾಕಿದ್ದಲ್ಲ. 1930ರ ದಶಕದಲ್ಲಿ ಅಮೆರಿಕದ ಶ್ವಿನ್ ಕಂಪನಿ ದಪ್ಪ ಟಯರಿನ ಸೈಕಲ್ ಮಾಡಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಆ ಹಳೇ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದಿಂದ ಇಳಿಸತೊಡಗಿದರು. 1976ರಲ್ಲಿ 'ರಿಪ್ಯಾಕ್' ಎಂಬ ಇಳಿಜಾರಿನ ರೇಸು ಶುರುವಾಯಿತು. ಒಂದು ಸಲ ಇಳಿದರೆ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕು, ಅದಕ್ಕೇ ಆ ಹೆಸರು. ಆ ಸೈಕಲ್ಲುಗಳ ಚಕ್ರ 26 ಇತ್ತು, ಅದೇ ಉಳಿಯಿತು. 1981ರ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಸೈಕಲ್ಲು, 1990ರಲ್ಲಿ ಡುರಾಂಗೊದ ವಿಶ್ವ ಚಾಂಪಿಯನ್‌ಷಿಪ್, 1996ರ ಅಟ್ಲಾಂಟಾ ಒಲಿಂಪಿಕ್ಸ್, ಎಲ್ಲ ಕಡೆಯೂ ಅದೇ ಚಕ್ರ.

ದೊಡ್ಡ ಚಕ್ರದ ಆಸೆ ಮಾತ್ರ ಆಗಲೇ ಇತ್ತು. ಫಿನ್ಲೆಂಡಿನ ನೋಕಿಯನ್ ಕಂಪನಿಯ ಹಿಮದ ಟಯರು ತರಿಸಿ ಕೆಲವರು ಪ್ರಯತ್ನ ಮಾಡಿದ್ದರು. ಟಯರು ಬೇಕಾದಾಗ ಸಿಗುತ್ತಿರಲಿಲ್ಲ, ಮಾತು ಅಲ್ಲಿಗೇ ನಿಂತಿತು. 1999ರಲ್ಲಿ ಡಬ್ಲ್ಯುಟಿಬಿ ಕಂಪನಿ 29 ಇಂಚಿನ ದಪ್ಪ ಟಯರು ತಂದಾಗ ದಾರಿ ತೆರೆಯಿತು. ರೋಡ್ ಸೈಕಲ್ಲಿನ ರಿಮ್ಮಿನ ಅಳತೆಯೂ ಅದೇ 622 ಆದ್ದರಿಂದ ಹೊಸ ರಿಮ್ಮಿನ ಅಳತೆ ಹುಡುಕಬೇಕಿರಲಿಲ್ಲ. ಎಂಟಿಬಿಯ ಮೊದಲಿಗರಲ್ಲಿ ಒಬ್ಬರಾದ ಗ್ಯಾರಿ ಫಿಷರ್ ತಮ್ಮ ಹೆಸರಿನ ಸೈಕಲ್ಲುಗಳಲ್ಲಿ ಇದನ್ನೇ ನಂಬಿ ಮುಂದೆ ಹೋದರು.

ದೊಡ್ಡ ಚಕ್ರದ ಲಾಭ ಸುಳ್ಳಲ್ಲ. ಎತ್ತಿನಗಾಡಿಯ ಗಾಲಿ ಯಾಕೆ ಅಷ್ಟು ದೊಡ್ಡದು ಅಂತ ಯೋಚಿಸಿದರೆ ಸಾಕು. ಕಲ್ಲಿಗೆ ಚಕ್ರ ತಾಗುವ ಕೋನ ಕಡಿಮೆಯಾಗುತ್ತದೆ, ಹತ್ತುವುದು ಸುಲಭ. ಸಣ್ಣ ಗುಂಡಿಯಲ್ಲಿ ಚಕ್ರ ಇಳಿದು ಸಿಕ್ಕಿಕೊಳ್ಳುವುದಿಲ್ಲ. ಆದರೆ ತೂಕ ಜಾಸ್ತಿ, ವೇಗ ಹಿಡಿಯುವುದು ನಿಧಾನ, ಉದ್ದ ಕಡ್ಡಿಗಳಿಂದ ಚಕ್ರ ಪಕ್ಕಕ್ಕೆ ಬಳುಕುತ್ತದೆ. ಮೊದಮೊದಲ 29ಗಳು ತಿರುವಿನಲ್ಲಿ ಲಾರಿ ತಿರುಗಿಸಿದ ಹಾಗಿರುತ್ತಿದ್ದವು. ಫೋರ್ಕಿನ ಮುಂಚಾಚು ಹೆಚ್ಚಿಸಿ, ಫ್ರೇಮಿನ ಕೋನ ಬದಲಾಯಿಸಿದ ಮೇಲೆಯೇ ಸರಿಹೋದದ್ದು. ಅದಕ್ಕೆ ಹತ್ತು ವರ್ಷ ಹಿಡಿಯಿತು.

ನಿಜವಾದ ಕಥೆ ಇರುವುದು 2011ರಿಂದ 2014ರ ನಡುವೆ. 2011ರಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರ ಮೇಲೆ ಕ್ರಾಸ್‌ಕಂಟ್ರಿ, ಅಂದರೆ ಏರಿಳಿತದ ದಾರಿಯ ರೇಸಿನ ವಿಶ್ವ ಚಾಂಪಿಯನ್ ಆದರು. 2012ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಜ್‌ಬರ್ಗ್‌ನಲ್ಲಿ ಸ್ವಿಟ್ಜರ್ಲೆಂಡಿನ ನೀನೊ ಶೂರ್ಟರ್ 27.5 ಏರಿ ವಿಶ್ವಕಪ್ ರೇಸು ಗೆದ್ದರು. ಅಲ್ಲಿಯವರೆಗೆ 27.5 ಅಂದರೆ ಫ್ರಾನ್ಸಿನ ಹಳೇ ಟೂರಿಂಗ್ ಸೈಕಲ್ಲಿನ ಅಳತೆ. ಕರ್ಕ್ ಪಸೆಂಟಿ ಎಂಬ ಅಮೆರಿಕದ ಕುಶಲಕರ್ಮಿ 2007ರಲ್ಲಿ ಅದಕ್ಕೆ ಎಂಟಿಬಿ ಟಯರು ತಂದಾಗ ಕೆಲವೇ ಮಂದಿ ಗಮನಿಸಿದ್ದರು.

ಅದೇ ವರ್ಷ ಆಗಸ್ಟ್ 12, ಲಂಡನ್ ಒಲಿಂಪಿಕ್ಸ್. ಹ್ಯಾಡ್ಲಿ ಫಾರ್ಮ್‌ನ ಕೊನೆಯ ಸುತ್ತು. ಕುಲ್ಹಾವಿ 29ರ ಮೇಲೆ, ಶೂರ್ಟರ್ 27.5ರ ಮೇಲೆ, ಇಬ್ಬರೂ ಒಟ್ಟಿಗೇ ಬರುತ್ತಿದ್ದಾರೆ. ಕೊನೆಯ ಕ್ಷಣದಲ್ಲಿ ಕುಲ್ಹಾವಿ ಮುನ್ನುಗ್ಗಿ ಒಂದೇ ಸೆಕೆಂಡಿನ ಅಂತರದಲ್ಲಿ ಚಿನ್ನ ಗೆದ್ದರು. ಮೂರನೆಯವರಾದ ಇಟಲಿಯ ಮಾರ್ಕೊ ಔರೇಲಿಯೊ ಫೊಂಟಾನಾ ಅವರ ಸೀಟು ಕಂಬದ ಸಮೇತ ಕಳಚಿಹೋಗಿತ್ತು. ನಿಂತುಕೊಂಡೇ ತುಳಿದು ಕಂಚು ತಂದರು. ಇವತ್ತಿಗೂ ನೋಡಿದರೆ ಮೈ ಜುಮ್ಮೆನ್ನುವ ರೇಸು ಅದು. ಒಂದೂವರೆ ಗಂಟೆ ತುಳಿದ ಮೇಲೆ ಎರಡು ಅಳತೆಗಳ ನಡುವೆ ಉಳಿದ ಅಂತರ ಒಂದು ಸೆಕೆಂಡು. ಚಕ್ರಕ್ಕಿಂತ ಕಾಲು ಮುಖ್ಯ ಎಂದು ಅಲ್ಲೇ ಕಾಣುತ್ತಿತ್ತು. ಆದರೆ ಮಾರುಕಟ್ಟೆ ಅದರಿಂದ ಓದಿಕೊಂಡದ್ದು ಬೇರೆ: ಮುಂದೆ ನಿಂತ ಚಕ್ರಗಳಲ್ಲಿ 26 ಇಲ್ಲ.

ಆಮೇಲೆ ಎಲ್ಲವೂ ಓಟ. ತೈವಾನಿನ ಜೈಂಟ್ 2014ರ ಮಾದರಿಗಳಲ್ಲಿ 27.5ರ ಕಡೆ ಪೂರ್ತಿ ವಾಲಿತು. ಅಷ್ಟು ದೊಡ್ಡ ತಯಾರಕರು ತಿರುಗಿದರೆ ಫೋರ್ಕ್, ರಿಮ್ಮು, ಟಯರು ಮಾಡುವವರೂ ತಿರುಗಲೇಬೇಕು. ಒಬ್ಬೊಬ್ಬರ ಲೆಕ್ಕವೂ ಸರಿಯೇ. ಮೂರು ಅಳತೆಯ ಅಚ್ಚು ಇಟ್ಟುಕೊಳ್ಳುವುದು ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಒಂದನ್ನು ಬಿಟ್ಟರು, ಬಿಟ್ಟದ್ದು 26. ಅದು ಕೆಟ್ಟದ್ದು ಎಂದು ಯಾರೂ ತೋರಿಸಿರಲಿಲ್ಲ. 25 ಮಿ.ಮೀ. ವ್ಯತ್ಯಾಸಕ್ಕೆ ಲಕ್ಷಾಂತರ ಒಳ್ಳೆಯ ಸೈಕಲ್ಲುಗಳು ಹಳತಾದವು. ಆ ಸೈಕಲ್ಲುಗಳಿಗೆ ಇನ್ನು ಹದಿನೈದು ವರ್ಷ ಬಿಡಿಭಾಗ ಬೇಕು ಎಂಬ ಮಾತು ಯಾವ ಲೆಕ್ಕದಲ್ಲೂ ಸೇರಲಿಲ್ಲ. ನನಗೆ ಬೇಸರ ಇರುವುದು ಇಲ್ಲೇ.

27.5 ಕೂಡ ಹೆಚ್ಚು ದಿನ ಬಾಳಲಿಲ್ಲ. ಕ್ರಾಸ್‌ಕಂಟ್ರಿ ಬೇಗನೆ 29ರ ಕೈಗೆ ಹೋಯಿತು. ಬರೀ ಇಳಿಜಾರಿನ ರೇಸಾದ ಡೌನ್‌ಹಿಲ್‌ಗೆ ಅಷ್ಟು ದೊಡ್ಡ ಚಕ್ರ ಆಗುವುದಿಲ್ಲ ಎಂಬ ಮಾತು 2017ರವರೆಗೆ ನಡೆಯಿತು. ಆ ವರ್ಷ ಸಾಂಟಾ ಕ್ರೂಜ್ ತಂಡ 29 ತಂದಾಗ ಉಳಿದವರು ಗೊಣಗಿದರು. ಆ ತಂಡದ ಗ್ರೆಗ್ ಮಿನ್ನಾರ್ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ ಅದರ ಮೇಲೆ ಗೆದ್ದರು, ಗೊಣಗಾಟ ನಿಂತಿತು. 2019ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಎರಡು ಚಕ್ರ ಒಂದೇ ಅಳತೆ ಇರಬೇಕೆಂಬ ನಿಯಮವನ್ನು ಎಂಟಿಬಿಗೆ ಸಡಿಲಿಸಿತು. ಅದೇ ವರ್ಷ ಫ್ರಾನ್ಸಿನ ಲೊಯಿಕ್ ಬ್ರೂನಿ ಮುಂದೆ 29, ಹಿಂದೆ 27.5 ಹಾಕಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದರು. ಕಡಿದಾದ ಇಳಿಜಾರಿನಲ್ಲಿ ಹಿಂದೆ ಸರಿದಾಗ ದೊಡ್ಡ ಚಕ್ರ ಸವಾರನ ಹಿಂಭಾಗಕ್ಕೆ ತಾಗುತ್ತದೆ, ಅದಕ್ಕೆ ಈ ಜೋಡಿ. ಇದನ್ನು 'ಮಲ್ಲೆಟ್' ಅನ್ನುತ್ತಾರೆ.

ಚಕ್ರದ ಬೆನ್ನಿಗೇ ಉಳಿದವೂ ಬದಲಾದವು. ಹಿಂದಿನ ಹಬ್ಬಿನ ಅಗಲ 135 ಮಿ.ಮೀ. ಇದ್ದದ್ದು 142 ಆಯಿತು, ನಂತರ 'ಬೂಸ್ಟ್' ಹೆಸರಿನಲ್ಲಿ 148. ದೊಡ್ಡ ಚಕ್ರದ ಬಳುಕು ತಗ್ಗಿಸಲು ಅಂತ ಕಾರಣ. ಕಾರಣ ನ್ಯಾಯವಾದದ್ದೇ. ಆದರೆ ಹಳೇ ಚಕ್ರ ಹೊಸ ಫ್ರೇಮಿಗೆ ಕೂರದು, ಹೊಸದು ಹಳತಕ್ಕೆ ಕೂರದು. ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ ತಿರುಪಿನಿಂದ ಕೂರಿಸುವ ಬಗೆ ಬಿಟ್ಟು ಒತ್ತಿ ಕೂರಿಸುವ ಬಗೆಗೆ ಹೋಯಿತು. ಕಿರಗುಟ್ಟುತ್ತದೆ ಎಂಬ ದೂರು ಜಾಸ್ತಿಯಾಗಿ ಹಲವರು ಮತ್ತೆ ತಿರುಪಿಗೇ ಬಂದರು.

ಇದರ ಪಕ್ಕದಲ್ಲಿ ನಮ್ಮ ಕಪ್ಪು ಸೈಕಲ್ಲನ್ನು ಇಟ್ಟು ನೋಡಿ. ಅದರ 28 x 1½ ಟಯರು, 635 ಮಿ.ಮೀ. ಬ್ರಿಟಿಷರ ಕಾಲದ ಅಳತೆ. ಇವತ್ತಿಗೂ ಸಣ್ಣ ಊರಿನ ಪಂಕ್ಚರ್ ಅಂಗಡಿಯಲ್ಲಿ ಆ ಟಯರು ತೂಗುಹಾಕಿರುತ್ತದೆ. ಅಜ್ಜನ ಸೈಕಲ್ಲಿಗೆ ಭಾಗ ಸಿಗುತ್ತದೆ, ನನ್ನ 2010ರ ಸೈಕಲ್ಲಿಗೆ ಒಳ್ಳೆಯ ಫೋರ್ಕು ಸಿಗುವುದಿಲ್ಲ.

26 ಪೂರ್ತಿ ಸತ್ತಿಲ್ಲ. ಜಿಗಿದು ಕಸರತ್ತು ಮಾಡುವ ಡರ್ಟ್ ಜಂಪ್ ಸೈಕಲ್ಲುಗಳು ಇನ್ನೂ ಅದರ ಮೇಲೇ ಓಡುತ್ತವೆ. ನಮ್ಮಲ್ಲಿ '26ಟಿ' ಎಂದು ಮಾರುವ ಕಡಿಮೆ ಬೆಲೆಯ ಸೈಕಲ್ಲುಗಳಿಂದಾಗಿ ಸಾಧಾರಣ ಟಯರು, ಟ್ಯೂಬು ಎಲ್ಲ ಕಡೆ ಸಿಗುತ್ತವೆ. ಇನ್ನು ನನ್ನ ಫೋರ್ಕು. ಎಣ್ಣೆ ತಡೆಯುವ ಸೀಲಿಗೂ ಚಕ್ರದ ಅಳತೆಗೂ ಸಂಬಂಧವೇ ಇಲ್ಲ. ಅದು ಮುಖ್ಯವಾಗಿ ನೋಡುವುದು ಫೋರ್ಕಿನ ಒಳಕೊಳವೆಯ ದಪ್ಪವನ್ನು, ನನ್ನದು 32 ಮಿ.ಮೀ. ಆ ದಪ್ಪದ ಫೋರ್ಕು ಈಗಿನ 29ರಲ್ಲೂ ಇದೆ. ಐದನೆಯ ಅಂಗಡಿಯ ಮೆಕ್ಯಾನಿಕ್ ವರ್ನಿಯರ್ ಇಟ್ಟು ಅಳೆದರು, ಡಬ್ಬಿಯಿಂದ ಎರಡು ಸೀಲು ತೆಗೆದರು, ಅರ್ಧ ದಿನದಲ್ಲಿ ಕೊಟ್ಟರು.