ಸಾಂಪ್ರದಾಯಿಕ ಬಿಲ್ಲಿಗೆ ಬೇಟೆಯ ಅಲಗು: ಆಯ್ಕೆಯ ಕುರಿತು ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಿಳಿಬಾಲದ ಜಿಂಕೆಯ ಬಿಲ್ಲುಬೇಟೆಯ ಋತು ಅಕ್ಟೋಬರ್ 1ರಂದು ಆರಂಭವಾಗುತ್ತದೆ. ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಅಥವಾ ಲಾಂಗ್‌ಬೋ (ಉದ್ದನೆಯ ಸರಳ ಬಿಲ್ಲು) ಎಂಬ ಸಾಂಪ್ರದಾಯಿಕ ಬಿಲ್ಲು ಹಿಡಿದು ಮೊದಲ ಬಾರಿಗೆ ಕಾಡಿಗೆ ಹೋಗಲು ಸಿದ್ಧರಾಗುತ್ತಿರುವ ಕಲಿಕೆಯವರು ಬಿಲ್ಲಿನ ಆಯ್ಕೆಗೆ ತಿಂಗಳುಗಟ್ಟಲೆ ಕೊಡುತ್ತಾರೆ. ಅಂಬಿನ ತುದಿಯ ಬ್ರಾಡ್‌ಹೆಡ್ ಅನ್ನು ಮಾತ್ರ ಅಂಗಡಿಯ ಗೋಡೆಯ ಮೇಲೆ ಮೊದಲು ಕಣ್ಣಿಗೆ ಬಿದ್ದ ಪೊಟ್ಟಣದಿಂದ ಆರಿಸಿಕೊಳ್ಳುತ್ತಾರೆ. ನಾನೂ ಮೊದಲ ವರ್ಷ ಹಾಗೆಯೇ ಮಾಡಿದ್ದೆ. ಪ್ರಾಣಿಯ ದೇಹವನ್ನು ಮುಟ್ಟುವುದು ಬಿಲ್ಲಲ್ಲ, ಈ ಒಂದೆರಡು ಅಂಗುಲದ ಉಕ್ಕು ಎಂಬುದು ಮನಸ್ಸಿಗೆ ಇಳಿದ ಮೇಲೆ ಬರೆದಿಟ್ಟುಕೊಂಡ ಟಿಪ್ಪಣಿಗಳಿವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿರುವುದರಿಂದ, ಇಲ್ಲಿನ ಮಾತೆಲ್ಲವೂ ಪರವಾನಗಿ ಪಡೆದು ಬೇಟೆಯಾಡಬಹುದಾದ ಅಮೆರಿಕದ ಕಾಡುಗಳಿಗೆ ಸಂಬಂಧಿಸಿದ್ದು.

ಬ್ರಾಡ್‌ಹೆಡ್ ಎಂದರೆ ಅಗಲ ಅಲಗಿನ ಅಂಬಿನ ಮೊನೆ. ನಮ್ಮ ಹಳೆಯ ಮಾತಾದ ಅಲಗು ಇದಕ್ಕೆ ಚೆನ್ನಾಗಿ ಹೊಂದುವುದರಿಂದ ಮುಂದೆ ಅದನ್ನೇ ಬಳಸುತ್ತೇನೆ.

ಆಯ್ಕೆಗೆ ಮೊದಲು ಅಲಗು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಿರಬೇಕು. ಬಂದೂಕಿನ ಗುಂಡು ತನ್ನ ವೇಗದ ಆಘಾತದಿಂದ ಅಂಗಾಂಶವನ್ನು ಛಿದ್ರಗೊಳಿಸುತ್ತದೆ. ಅಂಬಿಗೆ ಆ ಶಕ್ತಿಯಿಲ್ಲ. ಅದು ಕತ್ತರಿಸಿಕೊಂಡು ಒಳಗೆ ಹೋಗುತ್ತದೆ, ಪ್ರಾಣಿಯು ರಕ್ತಸ್ರಾವದಿಂದಲೂ ಎದೆಗೂಡಿಗೆ ಗಾಳಿ ನುಗ್ಗಿ ಶ್ವಾಸಕೋಶಗಳು ಕುಸಿಯುವುದರಿಂದಲೂ ಸಾಯುತ್ತದೆ. ಹರಿತವಾದ ಅಂಚು ರಕ್ತನಾಳವನ್ನು ನುಣುಪಾಗಿ ಸೀಳುವುದರಿಂದ ಸುತ್ತಲಿನ ಜೀವಕೋಶಗಳು ಕಡಿಮೆ ಜಜ್ಜಿಹೋಗುತ್ತವೆ, ರಕ್ತ ಹೆಪ್ಪುಗಟ್ಟುವಿಕೆಯನ್ನು ಪ್ರಚೋದಿಸುವ ವಸ್ತುಗಳು ಅಷ್ಟರಮಟ್ಟಿಗೆ ಕಡಿಮೆ ಬಿಡುಗಡೆಯಾಗುತ್ತವೆ, ಗಾಯ ಬೇಗ ಮುಚ್ಚಿಕೊಳ್ಳುವುದಿಲ್ಲ. ಮೊಂಡಾದ ಅಂಚು ನಾಳವನ್ನು ಪಕ್ಕಕ್ಕೆ ತಳ್ಳಿ ಜಾರಿಹೋಗಬಹುದು. ಎರಡೂ ಶ್ವಾಸಕೋಶಗಳ ಮೂಲಕ ಹಾದ ಒಳ್ಳೆಯ ಅಲಗಿಗೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಕೆಟ್ಟ ಅಲಗಿಗೆ ಅದೇ ಜಿಂಕೆ ದಿನಗಟ್ಟಲೆ ನರಳಬಹುದು. ಅಲಗಿನ ಆಯ್ಕೆ ನನಗೆ ಹಣದ ಲೆಕ್ಕಕ್ಕಿಂತ ಮೊದಲು ಹೊಣೆಯ ವಿಷಯವಾಗಿ ಕಾಣುವುದು ಈ ಕಾರಣಕ್ಕೆ.

ಈಗ ಶಕ್ತಿಯ ಲೆಕ್ಕ. 45 ಪೌಂಡ್ ಎಳೆತದ (ಪೂರ್ತಿ ಎಳೆಯಲು ಅಷ್ಟು ಬಲ ಬೇಕಾಗುವ) ರಿಕರ್ವ್ ಬಿಲ್ಲು 500 ಗ್ರೇನ್ ತೂಕದ, ಅಂದರೆ ಸುಮಾರು 32 ಗ್ರಾಂನ ಅಂಬನ್ನು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಿಡುತ್ತದೆ ಎಂದುಕೊಳ್ಳೋಣ. ಅದರ ಚಲನಶಕ್ತಿ ಸುಮಾರು 40 ಜೂಲ್. 70 ಪೌಂಡಿನ ಕಾಂಪೌಂಡ್ ಬಿಲ್ಲು (ರಾಟೆಗಳುಳ್ಳ ಆಧುನಿಕ ಬಿಲ್ಲು) 420 ಗ್ರೇನ್ ಅಂಬನ್ನು ಸೆಕೆಂಡಿಗೆ 85 ಮೀಟರ್ ವೇಗದಲ್ಲಿ ಬಿಟ್ಟರೆ ಅದು 100 ಜೂಲಿನ ಹತ್ತಿರ ಹೋಗುತ್ತದೆ. ಕಾಂಪೌಂಡ್ ಬಿಲ್ಲಿನವರಿಗಾಗಿ ತಯಾರಾದ, ತಗುಲಿದ ಮೇಲೆ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಯಾಂತ್ರಿಕ ಅಲಗುಗಳು ಬಿಚ್ಚಿಕೊಳ್ಳುವುದಕ್ಕೇ ಒಂದಿಷ್ಟು ಶಕ್ತಿಯನ್ನು ತಿನ್ನುತ್ತವೆ, ಬಿಚ್ಚಿದ ಮೇಲೆ ಅಗಲವಾಗಿ ಕತ್ತರಿಸಲು ಇನ್ನಷ್ಟು ಶಕ್ತಿಯನ್ನು ಬೇಡುತ್ತವೆ. ನಮ್ಮ 40 ಜೂಲಿನಲ್ಲಿ ಆ ಖರ್ಚಿಗೆ ಎಡೆಯಿಲ್ಲ. ಆದ್ದರಿಂದ ಸಾಂಪ್ರದಾಯಿಕ ಬಿಲ್ಲಿಗೆ ಸ್ಥಿರ ಅಲಗನ್ನೇ ಆರಿಸಬೇಕು. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಸ್ಥಿರ ಅಲಗಿನ ಆಕಾರಕ್ಕೆ ಒಂದು ಇತಿಹಾಸವಿದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಬಳಿ ಹೊರಜಗತ್ತಿಗೆ ಕಾಣಿಸಿಕೊಂಡ ಯಾಹಿ ಬುಡಕಟ್ಟಿನ ಇಶಿ ಎಂಬಾತ ಜ್ವಾಲಾಮುಖಿಯ ಗಾಜಾದ ಆಬ್ಸಿಡಿಯನ್‌ನಿಂದಲೂ ಸೀಸೆಯ ಗಾಜಿನಿಂದಲೂ ಅಂಬಿನ ಮೊನೆಗಳನ್ನು ಕೆತ್ತುತ್ತಿದ್ದ. ಅವನ ವೈದ್ಯನೂ ಸ್ನೇಹಿತನೂ ಆಗಿದ್ದ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲುವಿದ್ಯೆ ಕಲಿತು, ತನ್ನ ಬೇಟೆಗೆ ಉಕ್ಕಿನ ಅಲಗುಗಳನ್ನು ಮಾಡಿಕೊಂಡ. ಆಮೇಲಿನ ತಲೆಮಾರಿನ ಹೊವಾರ್ಡ್ ಹಿಲ್ ಉದ್ದವಾದ, ಕಿರಿದಾದ, ಎರಡು ಅಂಚಿನ ಅಲಗನ್ನು ನಂಬಿದವನು. ಅಗಲ ಒಂದು ಪಾಲಾದರೆ ಉದ್ದ ಮೂರು ಪಾಲು ಇರಬೇಕೆಂಬುದು ಅವನ ಲೆಕ್ಕ. ಮಿಷಿಗನ್ನಿನ ಗ್ರೇಲಿಂಗ್‌ನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಫ್ರೆಡ್ ಬೇರ್ 1950ರ ದಶಕದಲ್ಲಿ ಹೊರತಂದ ರೇಜರ್‌ಹೆಡ್‌ನಲ್ಲಿ ಮುಖ್ಯ ಅಲಗಿನ ನಡುವೆ ತೆಳುವಾದ ಇನ್ನೊಂದು ಅಲಗನ್ನು ತೂರಿಸುವ ವ್ಯವಸ್ಥೆಯಿತ್ತು. ಇಂದು ಮಾರುಕಟ್ಟೆಯಲ್ಲಿರುವ ದುಬಾರಿ ಅಲಗುಗಳಲ್ಲಿ ಹೆಚ್ಚಿನವು ಈ ಎರಡು ಮಾದರಿಗಳಲ್ಲಿ ಒಂದರ ಸಂತತಿಯೆಂದು ನೋಡಿದರೆ ಪೊಟ್ಟಣದ ಮೇಲಿನ ಜಾಹೀರಾತಿನ ಮಾತು ಅಷ್ಟಾಗಿ ಗೊಂದಲ ಹುಟ್ಟಿಸುವುದಿಲ್ಲ.

ಹಿಲ್‌ನ ಲೆಕ್ಕದ ಹಿಂದಿರುವುದು ಇಳಿಜಾರಿನ ಸರಳ ತತ್ತ್ವ: ಎತ್ತರ ಅಷ್ಟೇ ಇದ್ದು ಇಳಿಜಾರು ಉದ್ದವಾದಷ್ಟೂ ಭಾರವನ್ನು ಮೇಲಕ್ಕೆ ತಳ್ಳಲು ಕಡಿಮೆ ಬಲ ಸಾಕಾಗುತ್ತದೆ. ಅಲಗಿನ ಉದ್ದವನ್ನು ಎಲ್ಲ ಅಂಚುಗಳ ಹೊರಚಾಚಿನ ಮೊತ್ತದಿಂದ ಭಾಗಿಸಿದರೆ ಅದರ ಯಾಂತ್ರಿಕ ಲಾಭ ಸಿಗುತ್ತದೆ. 3 ಅಂಗುಲ ಉದ್ದ, 1 ಅಂಗುಲ ಅಗಲದ ಎರಡಂಚಿನ ಅಲಗಿಗೆ ಅದು 3. 2 ಅಂಗುಲ ಉದ್ದವಿದ್ದು, ಮೂರು ಅಂಚುಗಳು ತಲಾ 0.56 ಅಂಗುಲ ಹೊರಚಾಚಿರುವ ಅಲಗಿಗೆ ಅದು 1.2ರ ಆಸುಪಾಸು ಮಾತ್ರ. ಎರಡನೆಯದು ಒಟ್ಟು 1.7 ಅಂಗುಲದಷ್ಟು ಕತ್ತರಿಸುತ್ತದೆ, ಮೂರು ಮೂಲೆಯ ಗಾಯ ಸುಲಭವಾಗಿ ಮುಚ್ಚುವುದೂ ಇಲ್ಲ, ನೆಲದ ಮೇಲೆ ರಕ್ತದ ಜಾಡು ಕಾಣುವ ಸಂಭವ ಹೆಚ್ಚು. ಆದರೆ ಅಷ್ಟು ಕತ್ತರಿಸಿಕೊಂಡು ಆಚೆ ಬದಿಯಿಂದ ಹೊರಬರುವ ಬಲ ನಮ್ಮ ಅಂಬಿಗೆ ಇದೆಯೇ ಎಂಬುದು ಪ್ರಶ್ನೆ. 55 ಪೌಂಡಿಗಿಂತ ಹೆಚ್ಚಿನ ಬಿಲ್ಲನ್ನು ಸಲೀಸಾಗಿ ಎಳೆಯುವವರು ಜಿಂಕೆಗೆ ಮೂರಂಚಿನ ಅಲಗನ್ನು ಧೈರ್ಯವಾಗಿ ಬಳಸಬಹುದು. 40–45 ಪೌಂಡಿನವರಿಗೆ ನಾನು ಉದ್ದನೆಯ ಎರಡಂಚಿನದನ್ನೇ ಹೇಳುತ್ತೇನೆ. ಅಗಲ ಕಡಿಮೆಯಾದರೂ ಒಳಹೋಗುವ ಮತ್ತು ಹೊರಬರುವ ಎರಡು ತೂತುಗಳುಳ್ಳ ಗಾಯ, ಅಗಲವಾಗಿದ್ದು ಅರ್ಧದಲ್ಲೇ ನಿಂತ ಗಾಯಕ್ಕಿಂತ ಮೇಲು.

ಇಲ್ಲಿ ಬೇಟೆಯ ಅಂಬುಗಳನ್ನು ಪರೀಕ್ಷಿಸಿದ ಬಿಲ್ಲುಬೇಟೆಗಾರ ಎಡ್ ಆ್ಯಶ್ಬಿ ಅವರ ಕೆಲಸವನ್ನು ಹೇಳಲೇಬೇಕು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತದಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ಅವರು ನಿಜವಾದ ಪ್ರಾಣಿದೇಹಗಳಲ್ಲಿ ಅಂಬು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ದಾಖಲಿಸುತ್ತ ಬಂದರು. ಆಳಕ್ಕೆ ಇಳಿಯುವುದನ್ನು ನಿರ್ಧರಿಸುವ ಅಂಶಗಳ ಅವರ ಪಟ್ಟಿಯಲ್ಲಿ ಮೊದಲ ಸ್ಥಾನ ಹರಿತಕ್ಕಾಗಲಿ ತೂಕಕ್ಕಾಗಲಿ ಅಲ್ಲ, ಅಂಬು ಮತ್ತು ಅಲಗು ಮುರಿಯದೆ, ಬಾಗದೆ ಉಳಿಯುವುದಕ್ಕೆ ಸಿಕ್ಕಿದೆ. ಬಾಗಿದ ಅಲಗು ಮುಂದಿನ ಯಾವ ಗುಣವನ್ನೂ ತೋರಿಸಲಾರದು. ಭಾರಿ ಎಲುಬನ್ನು ಭೇದಿಸಲು ಒಟ್ಟು ಅಂಬು 650 ಗ್ರೇನಿಗೆ ಮೇಲಿರಬೇಕೆಂಬ ಅವರ ಮಾತು ಬಹಳ ಪ್ರಸಿದ್ಧ. ಅದು ದೊಡ್ಡ ಪ್ರಾಣಿಗಳ ದಪ್ಪ ಎಲುಬಿನ ಅನುಭವದಿಂದ ಬಂದ ಸಂಖ್ಯೆ. ಪಕ್ಕೆಲುಬಿನ ನಡುವೆ ಗುರಿಯಿಟ್ಟು ಹೊಡೆಯುವ ಬಿಳಿಬಾಲದ ಜಿಂಕೆಗೆ 500–550 ಗ್ರೇನಿನ ಅಂಬು ಸಾಕಾಗುತ್ತದೆಂದು ನನ್ನ ತಿಳಿವಳಿಕೆ. ಎಲ್ಕ್‌ನಂಥ ದೊಡ್ಡ ಪ್ರಾಣಿಯ ಮುಂದೆ ನಿಲ್ಲುವವರು ಮಾತ್ರ ಆ ಸಂಖ್ಯೆಯನ್ನು ಹಗುರವಾಗಿ ಕಾಣಬಾರದು.

ಆ್ಯಶ್ಬಿ ಎತ್ತಿಹಿಡಿದ ಇನ್ನೊಂದು ಗುಣ ಸಿಂಗಲ್ ಬೆವೆಲ್, ಅಂದರೆ ಅಂಚನ್ನು ಒಂದೇ ಬದಿಯಿಂದ ಓರೆಯಾಗಿ ಸಾಣೆ ಹಿಡಿದಿರುವುದು. ಓರೆಯ ಬದಿಗೆ ಮಾತ್ರ ಒತ್ತಡ ಬೀಳುವುದರಿಂದ ಅಲಗು ಒಳಗಿಳಿಯುತ್ತ ತಿರುಗುತ್ತದೆ, ಎಲುಬಿಗೆ ತಗುಲಿದಾಗ ಆ ತಿರುಚು ಬಲದಿಂದ ಎಲುಬು ಸೀಳಿಕೊಳ್ಳುತ್ತದೆ. ಒಂದು ಬದಿಗೆ 25 ಡಿಗ್ರಿ ಓರೆಯಿದ್ದರೆ ಅಂಚಿನ ಒಟ್ಟು ಕೋನವೂ 25 ಡಿಗ್ರಿಯೇ. ಎರಡೂ ಬದಿಗೆ 25 ಡಿಗ್ರಿ ಕೊಟ್ಟರೆ ಅದು 50 ಆಗುತ್ತದೆ. ಆದರೆ ಓರೆಯ ದಿಕ್ಕು ಗರಿಗಳ ತಿರುವಿನ ದಿಕ್ಕಿಗೆ ಹೊಂದಬೇಕು. ಹಕ್ಕಿಯ ಬಲ ರೆಕ್ಕೆಯ ಗರಿ ಅಂಟಿಸಿದ ಅಂಬಿಗೆ ಬಲ ಓರೆ, ಎಡ ರೆಕ್ಕೆಯದಕ್ಕೆ ಎಡ ಓರೆ. ಇದನ್ನು ಗಮನಿಸದೆ ಕೊಂಡರೆ ಹಾರುವಾಗ ಒಂದು ಕಡೆಗೆ ಸುತ್ತುತ್ತಿದ್ದ ಅಂಬನ್ನು ಅಲಗು ದೇಹದೊಳಗೆ ಇನ್ನೊಂದು ಕಡೆಗೆ ತಿರುಗಿಸಲು ಹೋಗಿ, ಕೊಟ್ಟ ಹಣದ ಪ್ರಯೋಜನವೇ ಸಿಗುವುದಿಲ್ಲ.

ಹೆಚ್ಚಿನ ಬೆಲೆ ನಿಜವಾಗಿ ಹೋಗಬೇಕಾದದ್ದು ಉಕ್ಕಿಗೆ, ಅದನ್ನು ಹದಗೊಳಿಸಿದ ಕ್ರಮಕ್ಕೆ ಮತ್ತು ನೇರತನಕ್ಕೆ. ಮೂರು ಅಲಗುಗಳ ಪೊಟ್ಟಣ ನೂರು ಡಾಲರಿಗೆ ಮುಟ್ಟುವುದುಂಟು. ಅಷ್ಟು ಕೊಡುವ ಮುನ್ನ ಉಕ್ಕಿನ ಹೆಸರು ಮತ್ತು ರಾಕ್‌ವೆಲ್ ಗಡಸುತನದ ಅಂಕಿಯನ್ನು (ಅಂಕಿ ಹೆಚ್ಚಿದಷ್ಟೂ ಉಕ್ಕು ಗಡಸು) ತಯಾರಕರು ಹೇಳಿದ್ದಾರೆಯೇ ಎಂದು ನೋಡಿ. ತೀರ ಮೆತ್ತಗಿನ ಉಕ್ಕು ಎಲುಬಿಗೆ ತಗುಲಿದಾಗ ಮಡಚಿಕೊಳ್ಳುತ್ತದೆ, ಸರಿಯಾಗಿ ಹದಗೊಳ್ಳದ ಅತಿ ಗಡಸು ಉಕ್ಕು ಚಕ್ಕೆಯೇಳುತ್ತದೆ. 50ಕ್ಕಿಂತ ತುಸು ಮೇಲಿನ ಅಂಕಿಯ ಅಲಗನ್ನು ಕಾಡಿನ ಬಿಡಾರದಲ್ಲಿ ಕುಳಿತು ಅರದಿಂದಲೇ ಹರಿತ ಮಾಡಬಹುದು. 58ರತ್ತ ಹೋದಂತೆ ಅರ ಜಾರುತ್ತದೆ, ವಜ್ರದ ಪುಡಿಯ ಸಾಣೆ ಬೇಕಾಗುತ್ತದೆ, ಆದರೆ ಬಂದ ಹರಿತ ಹೆಚ್ಚು ಕಾಲ ನಿಲ್ಲುತ್ತದೆ. ಎ2 ಎಂಬ ಹತ್ಯಾರಿನ ಉಕ್ಕಿನಿಂದ ಮಾಡುವ ಐರನ್ ವಿಲ್ ಕಂಪನಿಯ ಅಲಗು ಈ ಕಡೆಯದು. ಮಿನೆಸೋಟದ ಜ್ವಿಕಿ ಅಲಗುಗಳು ಅರಕ್ಕೆ ಒಲಿಯುವ ಕಾರ್ಬನ್ ಉಕ್ಕಿನವು, ಬೆಲೆಯೂ ಕಡಿಮೆ. ತಾನೇ ಸಾಣೆ ಹಿಡಿಯಲು ಬಾರದವನಿಗೆ ಗಡಸು ಉಕ್ಕು ಮೊದಲ ಹೊಡೆತದವರೆಗೆ ಮಾತ್ರ ಉತ್ತಮ ಎಂಬುದನ್ನು ನೆನಪಿಡಿ.

ಅಲಗು ಅಂಬಿಗೆ ಕೂರುವ ಬಗೆ ಎರಡು. ಮರದ ಅಂಬಿನ ತುದಿಯನ್ನು 5 ಡಿಗ್ರಿ ಮೊನಚಿಸಿ ಬಿಸಿ ಅಂಟಿನಿಂದ ಕೂರಿಸುವುದು ಒಂದು, ಕಾರ್ಬನ್ ಅಥವಾ ಅಲ್ಯೂಮಿನಿಯಂ ಅಂಬಿಗೆ ತಿರುಪಿನಿಂದ ಕೂರಿಸುವುದು ಇನ್ನೊಂದು. ಅಂಟಿಸುವ ಅಲಗನ್ನು ತಿರುಪಿಗೆ ಹೊಂದಿಸುವ ಅಡಾಪ್ಟರನ್ನು ಬಳಸುವುದಾದರೆ ಅಲ್ಯೂಮಿನಿಯಂ ಬೇಡ, ಉಕ್ಕಿನದನ್ನೇ ಕೊಳ್ಳಿ. ನನ್ನ ಮೊದಲ ವರ್ಷದ ಅಲಗುಗಳಲ್ಲಿ ಒಂದು ಮರದ ಬೇರಿಗೆ ತಗುಲಿದಾಗ ಅಲಗಿಗೆ ಏನೂ ಆಗಿರಲಿಲ್ಲ, ಅದರ ಹಿಂದಿನ ಅಲ್ಯೂಮಿನಿಯಂ ತುಂಡು ಬಾಗಿತ್ತು. ಕೂರಿಸಿದ ಮೇಲೆ ಅಂಬನ್ನು ಉಗುರುಗಳ ಮೇಲೆ ಉರುಳಿಸಿ ನೋಡಿ. ಮೊನೆ ಅಲುಗಾಡಿದಂತೆ ಕಂಡರೆ ಅಂಟನ್ನು ಕಾಯಿಸಿ ಮತ್ತೆ ಕೂರಿಸಬೇಕು.

125ರಿಂದ 300 ಗ್ರೇನಿನವರೆಗೆ ಅಲಗುಗಳು ದೊರೆಯುತ್ತವೆ. ಮುಂತುದಿ ಭಾರವಾದಷ್ಟೂ ಅಂಬು ನೇರವಾಗಿ ಎಳೆದುಕೊಂಡು ಹೋಗುತ್ತದೆ, ಆದರೆ ಬಿಡುವಾಗ ಅದರ ಕೋಲು ಹೆಚ್ಚು ಬಳುಕುತ್ತದೆ. ಆದ್ದರಿಂದ ಅಲಗಿನ ತೂಕವನ್ನು ಬದಲಿಸಿದವರು ಕೋಲಿನ ಬಿಗುಪನ್ನೂ ಮತ್ತೆ ಹೊಂದಿಸಬೇಕು. ಅಭ್ಯಾಸದ ಮೊನೆಯೂ ಬೇಟೆಯ ಅಲಗೂ ಒಂದೇ ತೂಕದ್ದಾಗಿರಲಿ. ಎರಡೂ ಒಂದೇ ಕಡೆ ನಾಟದಿದ್ದರೆ ದೋಷವಿರುವುದು ಸಾಮಾನ್ಯವಾಗಿ ಹೊಂದಾಣಿಕೆಯಲ್ಲಿ. ಅಗಲ ಅಲಗು ಗಾಳಿಯಲ್ಲಿ ರೆಕ್ಕೆಯಂತೆ ವರ್ತಿಸಿ ಆ ದೋಷವನ್ನು ಎತ್ತಿ ತೋರಿಸುತ್ತದೆ.

ಅಲಗು ಕೊಳ್ಳುವ ಮೊದಲೇ ಕಾನೂನನ್ನು ಓದಿ. ಮಿಷಿಗನ್ ಮತ್ತು ಕೊಲರಾಡೊಗಳಲ್ಲಿ ಅಲಗು ಕನಿಷ್ಠ 7/8 ಅಂಗುಲ ಅಗಲವಿರಬೇಕು. ಹಿಂದಕ್ಕೆ ಕೊಕ್ಕೆಯಾಗಿ ಬಾಗಿದ ಅಲಗುಗಳಿಗೆ ಕೆಲವು ರಾಜ್ಯಗಳಲ್ಲಿ ಅನುಮತಿಯಿಲ್ಲ.

ಕೊನೆಯದು ಸಾಣೆ. ಪೊಟ್ಟಣದಿಂದ ತೆಗೆದ ಅಲಗು, ಬೆಲೆ ಎಷ್ಟೇ ಇರಲಿ, ಬೇಟೆಗೆ ಸಿದ್ಧವೆಂದು ನಂಬಬೇಡಿ. ಒಂದೇ ಕೋನದಲ್ಲಿ ಉಜ್ಜುತ್ತ ಹೋದರೆ ಅಂಚಿನ ಆಚೆ ಬದಿಗೆ ತೆಳುವಾದ ಲೋಹದ ಎಳೆ ಮಗುಚಿಕೊಳ್ಳುತ್ತದೆ. ಬೆರಳಿಗೆ ಅದು ಉದ್ದಕ್ಕೂ ಸಿಕ್ಕಿದ ಮೇಲಷ್ಟೇ ಇನ್ನೊಂದು ಬದಿಗೆ ಹೋಗಿ, ನುಣುಪು ಕಲ್ಲಿನಿಂದ ಅದನ್ನು ತೆಗೆದು, ಚರ್ಮದ ಪಟ್ಟಿಯ ಮೇಲೆ ಎಳೆದು ಮುಗಿಸಬೇಕು. ಮೂರಂಚಿನ ಅಲಗನ್ನು ಎರಡು ಅಂಚು ತಾಗುವಂತೆ ಚಪ್ಪಟೆ ಕಲ್ಲಿನ ಮೇಲೆ ಮಲಗಿಸಿ ಉಜ್ಜಿದರೆ ಕೋನ ತಾನಾಗಿ ಒದಗುತ್ತದೆ, ಹೊಸಬರಿಗೆ ಇದೊಂದು ಅನುಕೂಲ. ಸಡಿಲವಾಗಿ ಹಿಡಿದ ರಬ್ಬರ್ ಬ್ಯಾಂಡನ್ನು ಅಂಚು ತಾಗಿದ ಕೂಡಲೆ ಕತ್ತರಿಸಬೇಕು. ತಳ್ಳಿದರೆ ಮತ್ತೆ ಕಲ್ಲಿಗೆ. ಕಾರ್ಬನ್ ಉಕ್ಕಾದರೆ ಅಂಚಿಗೆ ತೆಳುವಾಗಿ ವ್ಯಾಸಲೀನ್ ಸವರಿ ಬತ್ತಳಿಕೆಗೆ ಸೇರಿಸಿ, ಮಳೆಯಲ್ಲಿ ನೆನೆದ ದಿನ ಸಂಜೆ ಒಂದೊಂದನ್ನೂ ಹೊರತೆಗೆದು ತುಕ್ಕು ನೋಡಿ. ಅಭ್ಯಾಸದ ಫೋಮ್ ಗುರಿಗೆ ಒಮ್ಮೆ ಹೊಡೆದ ಅಲಗು ಮತ್ತೆ ಸಾಣೆ ಕಾಣದೆ ಬೇಟೆಯ ಬತ್ತಳಿಕೆಗೆ ಹೋಗಬಾರದು.