ಧಾನ್ಯದ ವ್ಯಾಪಾರಿಯ ಮನೆ ಮುಂದೆ: ಮಿಲ್‌ನನ್ನು ಓದುವುದು, ಪ್ರಬಂಧ ಬರೆಯುವುದು

ರಾಜಕೀಯ ಸಿದ್ಧಾಂತದ ಪ್ರಬಂಧಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ಸ್ವಾತಂತ್ರ್ಯದ ಅರ್ಥ, ಐದಾರು ವ್ಯಾಖ್ಯೆಗಳು, ವಿಧಗಳು, ಮಹತ್ವ, ಉಪಸಂಹಾರ. ಪಿಯುಸಿಯಲ್ಲಿ ಇದಕ್ಕೆ ಅಂಕ ಬಂದಿರಬಹುದು. ವಿಶ್ವವಿದ್ಯಾಲಯದಲ್ಲಿ ಪ್ರಶ್ನೆಯೇ ಬೇರೆ: ಲೇಖಕ ಹಾಗೆ ಹೇಳಲು ಕೊಟ್ಟ ಕಾರಣವೇನು, ಆ ಕಾರಣ ಗಟ್ಟಿಯೇ? ಇದನ್ನು ಅಭ್ಯಾಸ ಮಾಡಲು ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಕುರಿತು 1859ರಲ್ಲಿ ಪ್ರಕಟಿಸಿದ ‘ಆನ್ ಲಿಬರ್ಟಿ’ ಹೇಳಿ ಮಾಡಿಸಿದಂತಿದೆ. ಇರುವುದು ಐದೇ ಅಧ್ಯಾಯ. ಗೈಡ್ ಬದಿಗಿಟ್ಟು ಮೂಲವನ್ನೇ ಓದಬಹುದು.

ಮೊದಲ ಓದಿನಲ್ಲಿ ಅಡಿಗೆರೆ ಎಳೆಯಬೇಡಿ. ಎಲ್ಲವೂ ಮುಖ್ಯವೆನಿಸಿ ಪುಟವಿಡೀ ಗೆರೆಯಾಗುತ್ತದೆ. ಎರಡನೇ ಓದಿನಲ್ಲಿ ಪ್ರತಿ ಪ್ಯಾರಾದ ಪಕ್ಕ ಒಂದೇ ಸಾಲು ಬರೆಯಿರಿ: ಈ ಪ್ಯಾರಾ ಏನು ಮಾಡುತ್ತಿದೆ? ವಾದ ಮುಂದಿಡುತ್ತಿದೆಯೇ, ಉದಾಹರಣೆ ಕೊಡುತ್ತಿದೆಯೇ, ಎದುರಾಳಿಯ ಮಾತು ಹೇಳುತ್ತಿದೆಯೇ? ಎರಡನೇ ಅಧ್ಯಾಯದಲ್ಲಿ ಇದು ತೀರಾ ಅಗತ್ಯ. ಮಿಲ್ ಅಲ್ಲಿ ಎದುರಾಳಿಯ ವಾದವನ್ನು ಎಷ್ಟು ಸೊಗಸಾಗಿ ಮಂಡಿಸುತ್ತಾನೆಂದರೆ, ಅದನ್ನೇ ಅವನ ನಿಲುವೆಂದು ಉಲ್ಲೇಖಿಸಿಬಿಡುವ ಅಪಾಯವಿದೆ.

ಪುಸ್ತಕದ ತಿರುಳು ಮೊದಲ ಅಧ್ಯಾಯದಲ್ಲಿದೆ. ಒಬ್ಬನ ಇಚ್ಛೆಗೆ ವಿರುದ್ಧವಾಗಿ ಅವನ ಮೇಲೆ ಬಲ ಪ್ರಯೋಗಿಸಲು ಸಮಾಜಕ್ಕೆ ಇರುವ ನ್ಯಾಯವಾದ ಕಾರಣ ಒಂದೇ, ಬೇರೆಯವರಿಗೆ ಆಗುವ ಹಾನಿಯನ್ನು ತಡೆಯುವುದು. ‘ಅವನ ಒಳ್ಳೆಯದಕ್ಕೇ’ ಎಂಬ ಕಾರಣ ಸಾಲದು. ಇದನ್ನು ‘ಹಾನಿಯಾದಲ್ಲೆಲ್ಲ ನಿರ್ಬಂಧ ಸರಿ’ ಎಂದು ತಿರುಗಿಸಿ ಬರೆಯುವುದು ಸಾಮಾನ್ಯ ತಪ್ಪು. ಐದನೇ ಅಧ್ಯಾಯದಲ್ಲಿ ಮಿಲ್ ಸ್ವತಃ ಇದನ್ನು ತಡೆಯುತ್ತಾನೆ: ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಗೆದ್ದವನ ಲಾಭ ಸೋತವರ ನಷ್ಟದಿಂದಲೇ ಬಂದದ್ದು, ಆದರೂ ಸಮಾಜ ಅಲ್ಲಿ ತಲೆಹಾಕುವುದಿಲ್ಲ. ಹಾನಿಯಿದ್ದರೆ ಮಧ್ಯಪ್ರವೇಶದ ಮಾತೆತ್ತಬಹುದು, ಅಷ್ಟೇ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗುಂಡಿಯಿದೆ. ‘ಹಾನಿ’ಯಿಂದ ‘ಧಕ್ಕೆ’ಗೆ, ಅಲ್ಲಿಂದ ‘ಭಾವನೆಗೆ ಧಕ್ಕೆ’ಗೆ ನಮ್ಮ ವಾಕ್ಯ ತಾನಾಗಿ ಜಾರುತ್ತದೆ. ಇನ್ನೊಬ್ಬನ ನಡತೆ ಕಂಡು ತನ್ನ ಭಾವನೆಗೆ ನೋವಾಯಿತು ಎನ್ನುವವನ ದೂರನ್ನು ನಾಲ್ಕನೇ ಅಧ್ಯಾಯ ಒಪ್ಪುವುದಿಲ್ಲ. ಆದ್ದರಿಂದ ಒಂದು ಪಾರಿಭಾಷಿಕಕ್ಕೆ ಒಂದೇ ಪದ ಆರಿಸಿ, ಕೊನೆಯವರೆಗೂ ಅದನ್ನೇ ಬಳಸಿ. ಶೈಲಿ ಸಪ್ಪೆಯಾದರೂ ಪರವಾಗಿಲ್ಲ.

ಇನ್ನು ಪ್ರಶ್ನೆ ಕಟ್ಟುವುದು. ‘ಮಿಲ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ’ ಎಂಬುದು ವಿಷಯ, ಅದಕ್ಕೆ ಉತ್ತರವಿಲ್ಲ. ಮೂರನೇ ಅಧ್ಯಾಯದ ಆರಂಭಕ್ಕೆ ಹೋಗಿ. ‘ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆ’ ಎಂದು ಪತ್ರಿಕೆಯಲ್ಲಿ ಬರೆದರೆ ಅಡ್ಡಿಯಿಲ್ಲ. ಅದೇ ಮಾತನ್ನು ವ್ಯಾಪಾರಿಯ ಮನೆ ಮುಂದೆ ಕೆರಳಿ ನೆರೆದ ಗುಂಪಿಗೆ ಹೇಳಿದರೆ ಶಿಕ್ಷಿಸಬಹುದು ಎನ್ನುತ್ತಾನೆ ಮಿಲ್. ಮಾತು ಒಂದೇ, ಸಂದರ್ಭ ಬೇರೆ. ಈಗ ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪನ್ನು ಪಕ್ಕಕ್ಕಿಡಿ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಮಾಡಿದ ಆ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರನ್ನು ಬೇರ್ಪಡಿಸಿ, ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗಷ್ಟೇ ಅಭಿವ್ಯಕ್ತಿಯ ಮೇಲೆ ನಿರ್ಬಂಧಕ್ಕೆ ಅವಕಾಶ ಕೊಡುವ ಸಂವಿಧಾನದ 19(2)ನೇ ವಿಧಿ ಅನ್ವಯಿಸುತ್ತದೆ ಎಂದಿತು. ಪ್ರಶ್ನೆ ಹುಟ್ಟಿತಲ್ಲ: ‘ಮನೆ ಮುಂದೆ’ ಎಂಬ ಜಾಗವೇ ಇಲ್ಲದ ವಾಟ್ಸಾಪ್ ಗುಂಪಿಗೆ ಮಿಲ್ ಎಳೆದ ಗೆರೆ ಅನ್ವಯಿಸುತ್ತದೆಯೇ? ಹೌದು, ಇಲ್ಲ ಎರಡಕ್ಕೂ ವಾದಿಸಲು ಬರುವುದಾದರೆ ಅದು ಸಂಶೋಧನೆಯ ಪ್ರಶ್ನೆ.

ಪ್ರಶ್ನೆಯ ನಂತರ ಆಕ್ಷೇಪ. ಮಿಲ್ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡಿದವನು. ‘ಹಿಂದುಳಿದ’ ಸಮಾಜಗಳಿಗೆ ಈ ತತ್ವ ಸಲ್ಲದು ಎಂದು ಮೊದಲ ಅಧ್ಯಾಯದಲ್ಲೇ ಬರೆದವನು. ‘ಕಂಪನಿಯ ನೌಕರ, ಆದ್ದರಿಂದ ತಪ್ಪು’ ಎಂದರೆ ಅದು ಬೈಗುಳ. ಮುಕ್ತ, ಸಮಾನ ಚರ್ಚೆಯಿಂದ ಸುಧಾರಿಸುವ ಸಾಮರ್ಥ್ಯ ಬಂದ ಮೇಲಷ್ಟೇ ಸ್ವಾತಂತ್ರ್ಯ ಎನ್ನುವುದಾದರೆ, ಆ ಸಾಮರ್ಥ್ಯ ಬಂದಿದೆಯೆಂದು ತೀರ್ಮಾನಿಸುವವರು ಯಾರು? ಹೀಗೆ ಕೇಳಿದರೆ ಆಕ್ಷೇಪ.

ಟಿಪ್ಪಣಿಯನ್ನು ಮೂರು ಕಾಲಂ ಮಾಡಿ: ಉದ್ಧರಣ ಚಿಹ್ನೆಯೊಳಗೆ ಲೇಖಕನ ಮಾತು, ನಿಮ್ಮ ಮಾತಿನಲ್ಲಿ ಅದರ ಸಾರ, ನಿಮ್ಮ ಆಕ್ಷೇಪ. ಮೊದಲೆರಡು ಬೆರೆತರೆ ತಿಂಗಳ ನಂತರ ಯಾವುದು ಯಾರದೆಂದು ನಿಮಗೇ ಗೊತ್ತಾಗದು; ಕೃತಿಚೌರ್ಯ ಹೆಚ್ಚಾಗಿ ಹೀಗೇ ಆಗುತ್ತದೆ. ಪದವಿಗಾಗಿ ಸಲ್ಲಿಸುವ ಸಂಶೋಧನಾ ಪ್ರಬಂಧಗಳ (ಥೀಸಿಸ್, ಡಿಸರ್ಟೇಶನ್) ಕುರಿತ ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಇಂಗ್ಲಿಷ್ ಪ್ಯಾರಾವನ್ನು ಕನ್ನಡಕ್ಕೆ ತಂದು ಹೆಸರು ಹೇಳದಿದ್ದರೆ ಸಾಫ್ಟ್‌ವೇರ್‌ಗೆ ಸಿಗದಿರಬಹುದು, ಆದರೂ ಅದು ಚೌರ್ಯವೇ. ಮಿಲ್‌ನ ಮುದ್ರಣಗಳಲ್ಲಿ ಪುಟಸಂಖ್ಯೆ ಬೇರೆಬೇರೆ ಇರುವುದರಿಂದ ಅಧ್ಯಾಯ, ಪ್ಯಾರಾ ಎರಡನ್ನೂ ಕೊಡಿ. ಟೊರಾಂಟೊ ವಿಶ್ವವಿದ್ಯಾಲಯ ಮುದ್ರಣಾಲಯದ ಸಮಗ್ರ ಕೃತಿಗಳಲ್ಲಿ ಇದು 18ನೇ ಸಂಪುಟದಲ್ಲಿದೆ.

2000 ಪದಗಳ ಪ್ರಬಂಧವಾದರೆ ಪ್ರಶ್ನೆಗೂ ನಿಮ್ಮ ಉತ್ತರಕ್ಕೂ ಮೊದಲ 200 ಪದ, ಮಿಲ್‌ನ ವಾದಕ್ಕೆ 600. ಉಳಿದದ್ದರಲ್ಲಿ ನಾಲ್ಕು ಸಣ್ಣ ಆಕ್ಷೇಪ ತುರುಕುವ ಬದಲು ಗಟ್ಟಿಯಾದ ಒಂದನ್ನೇ ಎತ್ತಿ, ಅದಕ್ಕೆ ಮಿಲ್ ಏನು ಉತ್ತರಿಸುತ್ತಿದ್ದ ಎಂಬುದನ್ನೂ ಬರೆಯಿರಿ. ಪೀಠಿಕೆಯನ್ನು ಕೊನೆಗೆ ಇನ್ನೊಮ್ಮೆ ಬರೆಯಬೇಕಾಗುತ್ತದೆ. ಅದಕ್ಕೊಂದು ದಿನ ಉಳಿಸಿಕೊಳ್ಳಿ.